ಒಂದು ಪುಟದ ಮೇಡಂ ಮತ್ತು ಅಳಿವೆಯ ಕಂಬಗಳು

ನನ್ನ ಹೆಂಡತಿಯ ಕೆಲಸ ಏನು ಎಂದು ಯಾರಾದರೂ ಕೇಳಿದರೆ ‘ಉದ್ದದ್ದನ್ನು ಗಿಡ್ಡ ಮಾಡುವುದು’ ಎನ್ನುತ್ತೇನೆ. ಹಾಗೆ ಕೇಳಿದವರೊಬ್ಬರು ಆಕೆ ದರ್ಜಿ ಎಂದುಕೊಂಡು ಮಾರನೆಯ ದಿನ ಪ್ಯಾಂಟು ಹಿಡಿದುಕೊಂಡು ಮನೆಗೇ ಬಂದುಬಿಟ್ಟಿದ್ದರು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಒಳಗೆ ಕರೆದು, ಚಹಾ ಕೊಟ್ಟು, ನಾನು ಗಿಡ್ಡ ಮಾಡೋದು ಪುಸ್ತಕಗಳನ್ನ ಎಂದು ಹೇಳಿ ಕಳಿಸಿದಳು.

ಕರಾವಳಿ ರಕ್ಷಣೆಯ ಸರ್ಕಾರಿ ಕಚೇರಿ ಇರುವುದು ಹಳೇ ಬಂದರಿನ ಪಕ್ಕದ ಮಹಡಿ ಕಟ್ಟಡದಲ್ಲಿ. ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆ ಸಿಗುವ ಕೋಣೆ ಅವಳದು. ಕಿಟಕಿಯ ಕಬ್ಬಿಣಕ್ಕೆ ಉಪ್ಪುಗಾಳಿ ತಗುಲಿ ತುಕ್ಕು ಹಿಡಿದಿರುವುದರಿಂದ ಅದನ್ನು ತೆರೆದರೆ ಮುಚ್ಚಲಾಗದು, ಮುಚ್ಚಿದರೆ ತೆರೆಯಲಾಗದು. ಈಗ ತೆರೆದ ಸ್ಥಿತಿಯಲ್ಲಿದೆ. ಹಾಗಾಗಿ ಮೇಜಿನ ಮೇಲಿನ ಪ್ರತಿ ಕಾಗದದ ಮೇಲೂ ಏನಾದರೊಂದು ಭಾರ ಇರಲೇಬೇಕು. ನನ್ನ ಅಂಗಡಿಯಿಂದ ಹೋದ ಹಳೇ ಪಿಸ್ಟನ್ನುಗಳು ಅಲ್ಲಿ ಆ ಸೇವೆ ಮಾಡುತ್ತಿವೆ. ನಾನು ದೋಣಿಗಳ ಇಂಜಿನ್ ರಿಪೇರಿ ಮಾಡುವವನು.

ವಿಜ್ಞಾನಿಗಳು ವರ್ಷಗಟ್ಟಲೆ ಸಮುದ್ರದಂಚಿನಲ್ಲಿ, ಅಳಿವೆಯಲ್ಲಿ ಕೆಲಸ ಮಾಡಿ ದಿಂಬಿನಷ್ಟು ದಪ್ಪದ ವರದಿಗಳನ್ನು ಬರೆದು ಕಳಿಸುತ್ತಾರೆ. ಅಳಿವೆ ಎಂದರೆ ನದಿ ಸಮುದ್ರಕ್ಕೆ ಬಾಯಿ ತೆರೆಯುವ ಜಾಗ, ಸಿಹಿನೀರು ಉಪ್ಪುನೀರು ಎರಡೂ ಸೇರುವಲ್ಲಿ. ಅಷ್ಟು ದಪ್ಪದ ವರದಿ ಓದುವ ಪುರುಸೊತ್ತು ಮೇಲಿನವರಿಗೆ ಇಲ್ಲ. ಪುರುಸೊತ್ತು ಇದ್ದಾಗ ಮನಸ್ಸಿಲ್ಲ. ಆದ್ದರಿಂದ ನನ್ನ ಹೆಂಡತಿ ಅದನ್ನು ಪೂರ್ತಿ ಓದಿ ಒಂದೇ ಒಂದು ಪುಟಕ್ಕೆ ಇಳಿಸುತ್ತಾಳೆ. ಆ ಪುಟ ಸಾಹೇಬರ ಮೇಜಿಗೆ ಹೋಗುತ್ತದೆ, ಅಲ್ಲಿಂದ ಸಮಿತಿಗೆ, ಸಮಿತಿಯಿಂದ ಆದೇಶವಾಗಿ ಹೊರಗೆ ಬರುತ್ತದೆ. ಪುಟದಲ್ಲಿ ಇದ್ದದ್ದು ಕಾನೂನಾಗುತ್ತದೆ. ಪುಟದಲ್ಲಿ ಇಲ್ಲದ್ದು ಸರ್ಕಾರದ ಮಟ್ಟಿಗೆ ಲೋಕದಲ್ಲೇ ಇಲ್ಲ. ಊರಿನವರು ಅವಳನ್ನು ಒಂದು ಪುಟದ ಮೇಡಂ ಎಂದು ಕರೆಯುತ್ತಾರೆ.

ಗಿಡ್ಡ ಮಾತು ಅವಳಿಗೆ ಚಿಕ್ಕಂದಿನಿಂದಲೇ ಬಂದದ್ದು. ಅವಳ ತಂದೆ ಬೇಗ ತೀರಿಕೊಂಡರು. ದೋಣಿ ಅಣ್ಣನ ಕೈಗೆ ಬಂತು. ಅಳಿವೆಯ ಒಂದು ಕವಲು ಅವರ ಮನೆಯ ಮುಂದೆಯೇ ಒಳಗೆ ಹರಿದು ಬರುತ್ತದೆ. ಅಲ್ಲಿ ಅವರ ತಂದೆ ನೆಟ್ಟ ಬಲೆಗೂಟಗಳಿದ್ದವು. ಅಣ್ಣ ಬಲೆ ಎಳೆಯುವಾಗ ತಂಗಿ ದಡದಲ್ಲಿ ನಿಂತು ಮನೆಯ ಸುದ್ದಿಗಳನ್ನು ಕೂಗಿ ಹೇಳಬೇಕಿತ್ತು. ಗಾಳಿಯಲ್ಲಿ ಉದ್ದ ಮಾತು ಅರ್ಧಕ್ಕೇ ಹಾರಿಹೋಗುತ್ತದೆ. ಅಜ್ಜಿಗೆ ಹುಷಾರಿಲ್ಲ, ಡಾಕ್ಟರು ಸಂಜೆ ಬರಬಹುದು, ಆದರೆ ಗ್ಯಾರಂಟಿ ಇಲ್ಲ ಎಂದು ಕೂಗಿದರೆ ಅವನಿಗೆ ಕೇಳಿಸುತ್ತಿದ್ದದ್ದು ‘ಅಜ್ಜಿ... ಇಲ್ಲ’ ಎಂದಷ್ಟೇ. ಒಮ್ಮೆ ಹಾಗೇ ಕೇಳಿಸಿ, ಬಲೆ ನೀರಿಗೇ ಬಿಟ್ಟು ಅಳುತ್ತಾ ದಡಕ್ಕೆ ಬಂದವನಿಗೆ ಅಜ್ಜಿಯೇ ಬಾಗಿಲು ತೆಗೆದು ಬೈದಿದ್ದಳಂತೆ. ಅವತ್ತಿನಿಂದ ತಂಗಿ ಬೇಕಾದ ಮಾತು ಬಿಟ್ಟು ಬೇರೆ ಆಡುವುದನ್ನೇ ನಿಲ್ಲಿಸಿದಳು ಎಂದು ಆ ಅಣ್ಣ, ಅಂದರೆ ನನ್ನ ಭಾವ, ಈಗಲೂ ಅವಳ ಕಾಲೆಳೆಯುತ್ತಾನೆ.

ಅವಳ ಬರವಣಿಗೆಗೆ ಇನ್ನೊಬ್ಬ ಗುರು ನಮ್ಮ ಅಮ್ಮ. ಅಮ್ಮ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ, ಯಾವಾಗ ಹೊರಡುತ್ತದೆ ಎಂದು ಕೂಗುತ್ತಿದ್ದವಳು. ನಿವೃತ್ತಿಯಾದರೂ ದನಿಗೆ ನಿವೃತ್ತಿ ಸಿಕ್ಕಿಲ್ಲ. ಹೆಂಡತಿ ಸಂಜೆ ಅಡುಗೆಮನೆಯ ಮೇಜಿನಲ್ಲಿ ಕೂತು ತಾನು ಬರೆದ ಪುಟವನ್ನು ಅತ್ತೆಗೆ ಓದಿ ಹೇಳುತ್ತಾಳೆ. ಅಮ್ಮ ತರಕಾರಿ ಹೆಚ್ಚುತ್ತಾ ಕೇಳುತ್ತಾಳೆ. ಒಂದು ಸಲಕ್ಕೆ ಅರ್ಥವಾದರೆ ಪುಟ ಪಾಸು. ಚಾಕು ನಿಂತಿತೆಂದರೆ ತಿದ್ದಬೇಕು. ಸೊಸೆ ಎಲ್ಲಾದರೂ ‘ಬಹುಶಃ’ ಎಂದು ಓದಿದರೆ ಚಾಕು ನಿಂತೇ ನಿಲ್ಲುತ್ತದೆ.

‘ಬಸ್ಸು ಬಹುಶಃ ಬರುತ್ತೆ ಅಂತ ನಾನು ಕೂಗಿದ್ದಿದ್ರೆ ಜನ ನನ್ನ ಸುಮ್ನೆ ಬಿಡ್ತಿದ್ರಾ? ಬರುತ್ತೆ ಅನ್ನು, ಇಲ್ಲ ಬರಲ್ಲ ಅನ್ನು’ ಎನ್ನುತ್ತಾಳೆ ಅಮ್ಮ.

ಮೇಲಿನ ಸಾಹೇಬರಿಗೂ ‘ಬಹುಶಃ’ ಕಂಡರೆ ಆಗದು. ಅಮ್ಮ, ಸಾಹೇಬರು ಇಬ್ಬರ ನಡುವೆ ಸಿಕ್ಕಿ ನನ್ನ ಹೆಂಡತಿ ‘ಬಹುಶಃ’, ‘ಇರಬಹುದು’, ‘ಸದ್ಯಕ್ಕೆ’ಗಳನ್ನು ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ಎಸೆಯುವುದರಲ್ಲಿ ಎತ್ತಿದ ಕೈಯಾದಳು. ಅವಳ ಪುಟ ಎಂದರೆ ನೇರ, ಸ್ಪಷ್ಟ ಎಂದು ಹೆಸರಾಯಿತು. ಬೇರೆ ಕಚೇರಿಗಳಿಂದ ಕಲಿಯಲು ಜನ ಬರತೊಡಗಿದರು. ನಾನೂ ಅಂಗಡಿಗೆ ಬಂದವರ ಮುಂದೆ ಅವಳ ಬಗ್ಗೆ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಆ ಹೊತ್ತಿಗೆ ನಮ್ಮ ಅಳಿವೆಯ ವರದಿ ಬಂತು. ಬರೆದವರು ಒಬ್ಬ ವಿಜ್ಞಾನಿ, ಮೊಣಕಾಲುದ್ದದ ಬೂಟು ಹಾಕಿಕೊಂಡು ಇಡೀ ದಿನ ಕೆಸರಿನಲ್ಲಿ ನಿಲ್ಲುವ ಹೆಂಗಸು. ದೋಣಿಯವರು ಅವರಿಗೆ ಕೆಸರು ಡಾಕ್ಟರು ಎಂದು ಹೆಸರಿಟ್ಟಿದ್ದರು. ಮೊದಲ ಸಲ ಮನೆಗೆ ಬಂದಾಗ ಡಾಕ್ಟರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ ಅಮ್ಮ ಸೀರೆ ಮೇಲೆತ್ತಿ ಮಂಡಿ ತೋರಿಸಿದಳು.

‘ಅಮ್ಮಾ, ನಾನು ಕೆಸರಿನ ಡಾಕ್ಟರು’ ಎಂದರು ಅವರು.

‘ಕೆಸರಿಗೂ ಕಾಯಿಲೆ ಬರುತ್ತಾ?’

‘ಬರುತ್ತೆ. ಅದಕ್ಕೆ ಬಂದ್ರೆ ಆಮೇಲೆ ಎಲ್ಲರಿಗೂ ಬರುತ್ತೆ.’

ಅಮ್ಮನಿಗೆ ಆ ಉತ್ತರ ಹಿಡಿಸಿತು. ಮಂಡಿಯ ವಿಷಯ ಅಲ್ಲಿಗೇ ಬಿಟ್ಟಳು.

ವರದಿಯ ತಿರುಳು ಇಷ್ಟು. ಅಳಿವೆಯ ಬಾಯಿಗೆ ಅಡ್ಡಲಾಗಿ ಒಂದು ಮರಳ ದಿಬ್ಬ ಇದೆ. ಅದರ ಹಿಂದೆ ಅಲೆಗಳ ಹೊಡೆತ ಇಲ್ಲ. ಅಲ್ಲಿ ಕೆಸರು ನಿಲ್ಲುತ್ತದೆ, ಕೆಸರಿನಲ್ಲಿ ನೀರಹುಲ್ಲು ಬೆಳೆಯುತ್ತದೆ, ಹುಲ್ಲಿನ ಬುಡದಲ್ಲಿ ಮೀನು, ಸಿಗಡಿ, ಏಡಿಗಳ ಮರಿಗಳು ಬಚ್ಚಿಟ್ಟುಕೊಂಡು ದೊಡ್ಡವಾಗುತ್ತವೆ. ದೊಡ್ಡವಾದ ಮೇಲೆ ಸಮುದ್ರಕ್ಕೆ ಹೋಗುತ್ತವೆ. ಆ ಮರಿಗಳ ಜಾಗದಲ್ಲಿ ಬಲೆ ಬೀಳಬಾರದು, ಮರಳು ತೆಗೆಯಬಾರದು. ಇಷ್ಟರ ಮೇಲೆ ಇನ್ನೊಂದು ಮಾತಿತ್ತು. ನೆರೆ ಬಂದು ದಿಬ್ಬ ಸರಿದರೆ ಮರಿಗಳ ಜಾಗವೂ ಸರಿಯಬಹುದು, ಎಷ್ಟು ಸರಿದೀತು, ಯಾವ ಕಡೆಗೆ ಎಂದು ಈಗಲೇ ಹೇಳಲು ಬರುವುದಿಲ್ಲ, ಬಹುಶಃ ಪ್ರತಿವರ್ಷ ನೋಡಬೇಕಾದೀತು.

ಇದನ್ನು ಓದುವಾಗ ಅಮ್ಮನ ಚಾಕು ನಿಂತಿತು.

‘ಹೇಳೋಕೆ ಬರಲ್ಲ ಅಂದ್ಮೇಲೆ ಯಾಕೆ ಹೇಳ್ತಾರೆ?’ ಎಂದಳು.

ನನ್ನ ಹೆಂಡತಿ ಆ ಮಾತನ್ನು ತೆಗೆದಳು. ಪುಟ ನೋಡಿದಾಗ ಕೆಸರು ಡಾಕ್ಟರು ಹುಬ್ಬು ಗಂಟಿಕ್ಕಿ ಆ ಮಾತು ಎಲ್ಲಿ ಎಂದು ಕೇಳಿದರಂತೆ. ವರದಿಯಲ್ಲಿ ಇದೆಯಲ್ಲ ಮೇಡಂ, ಬಹುಶಃ ಅಂತ ಆದೇಶ ಹೊರಡಿಸೋಕೆ ಬರಲ್ಲ ಎಂದಳಂತೆ ಇವಳು. ಆಗ ಆದೇಶ ಹೊರಡುವುದೇ ದೊಡ್ಡ ಮಾತಾಗಿತ್ತು. ಆ ದಿಬ್ಬದ ಮರಳಿನ ಮೇಲೆ ಕಣ್ಣಿಟ್ಟ ಗುತ್ತಿಗೆದಾರರು ಒಬ್ಬರು ದಿನಾ ಕಚೇರಿಗೆ ಎಡತಾಕುತ್ತಿದ್ದರು. ಇದ್ದಷ್ಟಾದರೂ ಉಳಿಯಲಿ ಎಂದು ಡಾಕ್ಟರು ಒಪ್ಪಿದರು.

ಆದೇಶ ಬಂತು, ಸದ್ಯಕ್ಕೆ ತಾತ್ಕಾಲಿಕವಾಗಿ. ದಿಬ್ಬದ ಹಿಂದೆ ಸುತ್ತಲೂ ಹಳದಿ ಬಣ್ಣದ ಕಂಬಗಳು ನಿಂತವು. ಕಂಬದ ಒಳಗೆ ಬಲೆ ಇಲ್ಲ, ಮರಳು ತೆಗೆಯುವಂತಿಲ್ಲ.

ಕಾಗದದ ಮೇಲೆ ಬಂದದ್ದು ನೀರಿನ ಮೇಲೆ ನಡೆಯುವಂತೆ ಮಾಡಿದವನು ಭಾವ. ದೋಣಿಯವರಿಗೆ ಅದು ಒಳ್ಳೇ ಬಲೆಜಾಗ. ಬಿಟ್ಟುಕೊಡಿ ಎಂದರೆ ಯಾರು ಕೇಳುತ್ತಾರೆ? ಬಲೆ ಹೆಣೆಯುವ ಶೆಡ್ಡಿನಲ್ಲಿ ಎಲ್ಲರನ್ನೂ ಸೇರಿಸಿದ. ನಾನೂ ಹೋಗಿದ್ದೆ. ಗದ್ದಲ ಎಬ್ಬಿಸಿದವರನ್ನು ಬೈಯದೆ, ಭಾವ ಕೈಯಲ್ಲಿದ್ದ ಬಲೆಯ ಹರಕು ಹೊಲಿಯುತ್ತಲೇ ಮಾತಾಡಿದ.

‘ಇದನ್ನ ಬರೆದದ್ದು ನನ್ನ ತಂಗಿ. ನೀವೆಲ್ಲ ಅವಳನ್ನ ಲಂಗ ಹಾಕೊಂಡು ಓಡಾಡೋವಾಗಿಂದ ನೋಡಿದೀರಿ. ಅವಳು ಇದೆ ಅಂದ್ರೆ ಇದೆ. ಮರಿ ಬೆಳೀಲಿ. ಬೆಳೆದ ಮೇಲೆ ಎಲ್ಲಿಗೆ ಹೋಗ್ತವೆ, ನಮ್ಮ ಬಲೆಗೇ ಬರ್ತವೆ.’

ಅವನ ಮಾತಿಗೆ ತೂಕ ಇತ್ತು. ಗೊಣಗುತ್ತಲೇ ಎಲ್ಲರೂ ಆ ಜಾಗ ಬಿಟ್ಟರು. ಆಮೇಲಿನ ವರ್ಷಗಳಲ್ಲಿ ಮೀನು ಹೆಚ್ಚಿತು. ದೋಣಿಯವರು ನನ್ನ ಅಂಗಡಿಯಲ್ಲಿ ಕೂತು ಒಂದು ಪುಟದ ಮೇಡಂ ಒಂದು ಪುಟದ ಮೇಡಂ ಎಂದು ಹೊಗಳುವಾಗ ನಾನು ಕೇಳಿಸದವನಂತೆ ಸ್ಪಾನರ್ ಹುಡುಕುತ್ತಿದ್ದೆ. ಭಾವನ ಎದೆ ಉಬ್ಬಿರುತ್ತಿತ್ತು.

ಆಮೇಲೆ ಆ ದೊಡ್ಡ ನೆರೆ ಬಂತು. ನೀರು ಇಳಿದಾಗ ದಿಬ್ಬ ಇದ್ದಲ್ಲಿ ಇರಲಿಲ್ಲ. ನದಿ ತನ್ನ ಬಾಯಿಯನ್ನು ಪಕ್ಕಕ್ಕೆ ಸರಿಸಿಕೊಂಡಿತ್ತು. ಹಳದಿ ಕಂಬಗಳು ಮಾತ್ರ ಕದಲದೆ ನಿಂತಿದ್ದವು, ಸುತ್ತ ಬರೀ ಒಣ ಮರಳು, ಮರಳಲ್ಲಿ ಮಲಗಿದ ನಾಯಿಗಳು.

ಕೆಲವು ವಾರಗಳ ನಂತರ ಭಾವ ಒಂದು ಬಕೆಟ್ ಹಿಡಿದುಕೊಂಡು ಅಂಗಡಿಗೆ ಬಂದ. ಅದರಲ್ಲಿ ಮೀನಿನ ಮರಿಗಳು, ಉಗುರಿನಷ್ಟು ಉದ್ದದವು, ಎಲ್ಲವೂ ಸತ್ತಿದ್ದವು.

‘ಎಲ್ಲಿ ಸಿಕ್ಕಿದ್ದು?’ ಎಂದೆ.

‘ಕಂಬದ ಹೊರಗೆ. ಕಾನೂನಿನ ಪ್ರಕಾರ ಬಲೆ ಹಾಕಬಹುದಾದ ಜಾಗದಲ್ಲೇ. ಎಲ್ಲರ ಬಲೆಯಲ್ಲೂ ಇದೇ. ಕೋಳಿಮೇವಿನವರು ಬುಟ್ಟಿಗಟ್ಟಲೆ ಕೊಂಡ್ಕೊಂಡು ಹೋಗ್ತಿದಾರೆ. ಬೇಡ ಅಂದ್ರೆ, ಕಂಬ ನೋಡಯ್ಯ ಅಂತಾರೆ.’

‘ಬಾ ಮನೆಗೆ, ಅವಳಿಗೇ ತೋರಿಸು.’

‘ನೀನೇ ಹೇಳು’ ಎಂದು ಬಕೆಟ್ಟನ್ನು ಅಲ್ಲೇ ಇಟ್ಟು ಹೋದ.

ಅವನ ಅವಸ್ಥೆ ನನಗೆ ಗೊತ್ತಿತ್ತು. ಶೆಡ್ಡಿನಲ್ಲಿ ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ‘ನಿನ್ನ ತಂಗಿಯ ಮೀನುಗಳಿಗೆ ಓದೋಕೆ ಬರಲ್ಲ ಕಣೋ, ಪುಟ ನೋಡದೆ ಕಂಬದಾಚೆ ಹೋಗಿವೆ’ ಎಂದು ಒಬ್ಬ ಹೇಳಿದರೆ ಉಳಿದವರು ಬಿದ್ದುಬಿದ್ದು ನಗುತ್ತಿದ್ದರು. ಮೊದಲು ಅವನ ಒಂದು ಮಾತಿಗೆ ಬಲೆಜಾಗವನ್ನೇ ಬಿಟ್ಟ ಜನ, ಈಗ ಅವನು ಬಾಯಿ ತೆರೆದರೆ ಎದ್ದು ಹೋಗುತ್ತಿದ್ದರು. ಅವನು ಯಾರ ಮೇಲೂ ಹರಿಹಾಯಲಿಲ್ಲ. ಭಾನುವಾರ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದವನು ಬರುವುದನ್ನು ನಿಲ್ಲಿಸಿದ, ಅಷ್ಟೇ.

ಬಕೆಟ್ಟನ್ನು ಮನೆಗೆ ತಂದೆ. ಹೆಂಡತಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ತುಂಬ ಹೊತ್ತು ನೋಡಿದಳು. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ ಅವಳು ಕೇಳಿದ್ದು ಮೀನಿನ ಬಗ್ಗೆ ಅಲ್ಲ.

‘ಅಣ್ಣ ನನ್ನ ಬಗ್ಗೆ ಏನಂದ?’

‘ಏನೂ ಅನ್ನಲಿಲ್ಲ.’

‘ಬೈದಿದ್ರೆ ಚೆನ್ನಾಗಿತ್ತು’ ಎಂದಳು. ಅವಳಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಅಣ್ಣ ದೂರವಾದ ಎಂಬ ಸಂಕಟ. ಆ ಸಾಲನ್ನ ನಾನೇ ತೆಗೆದೆ ಕಣ್ರೀ, ಅಣ್ಣ ನನ್ನ ಪುಟ ನಂಬಿ ಊರಿಗೆ ಮಾತು ಕೊಟ್ಟ ಎಂದು ಆ ದಿನ ಊಟದ ಹೊತ್ತಿಗೆ ಎಷ್ಟು ಸಲ ಹೇಳಿದಳೋ. ನಾನು ಸಮಾಧಾನ ಹೇಳಲು ಹೋಗಿ ಬೈಸಿಕೊಂಡೆ.

ಇದರ ನಡುವೆ ಇನ್ನೊಂದು ಕಂಟಕ ಕಾದಿತ್ತು. ತಾತ್ಕಾಲಿಕ ಆದೇಶದ ಅವಧಿ ಮುಗಿಯುತ್ತಾ ಬಂದಿತ್ತು. ಅದನ್ನು ಕಾಯಂ ಮಾಡಲು ಸಮಿತಿ ಸೇರುವುದಿತ್ತು, ಪುಟ ಬರೆಯಬೇಕಾದವಳು ಇವಳೇ. ಹಳೇ ಪುಟವನ್ನೇ ಕಳಿಸಿದರೆ ಆದೇಶ ಉಳಿಯುತ್ತದೆ, ಆದರೆ ಕಂಬಗಳು ಒಣ ಮರಳನ್ನು ಕಾಯುತ್ತಾ ನಿಂತಿರುತ್ತವೆ, ಮರಿಗಳು ಹೊರಗೆ ಬುಟ್ಟಿ ಸೇರುತ್ತವೆ. ಕಂಬ ತಪ್ಪು ಜಾಗದಲ್ಲಿದೆ ಎಂದು ಬರೆದರೆ ಗುತ್ತಿಗೆದಾರರು ‘ನೋಡಿ, ಎಲ್ಲಾ ಸುಳ್ಳು’ ಎಂದು ಆದೇಶವನ್ನೇ ಎತ್ತಿಹಾಕಿಸುತ್ತಾರೆ. ಆಗ ದಿಬ್ಬವೂ ಇಲ್ಲ, ಹುಲ್ಲೂ ಇಲ್ಲ.

ಸಾಹೇಬರು ಕೆಟ್ಟವರಲ್ಲ. ‘ಮೊದಲು ಕಾಯಂ ಆಗ್ಲಿ ಬಿಡಿ. ಕಂಬದ ವಿಚಾರ ಆಮೇಲೆ ನೋಡೋಣ’ ಎಂದರು. ಕಾಯಂ ಆದದ್ದನ್ನು ಆಮೇಲೆ ನೋಡುವುದು ಎಂದರೆ ಏನೆಂದು ಆ ಕಚೇರಿಯ ಕಿಟಕಿಯನ್ನು ಕಂಡವರಿಗೆಲ್ಲ ಗೊತ್ತು.

ಹೆಂಡತಿ ಕೆಸರು ಡಾಕ್ಟರನ್ನು ಮನೆಗೆ ಕರೆದಳು. ಡಾಕ್ಟರು ಬೂಟು ಬಾಗಿಲಲ್ಲೇ ಬಿಟ್ಟು ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತರು.

‘ನಾನು ಮತ್ತೆ ಜಾಗ ಸರಿಯಬಹುದು, ಇರಬಹುದು ಅಂತ ಬರೀತೀನಿ. ನೀವು ಮತ್ತೆ ತೆಗೀತೀರಿ’ ಎಂದರು. ಮಾತಿನಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು.

‘ಈ ಸಲ ತೆಗೆಯಲ್ಲ.’

‘ಹಾಗಂತ ಅದನ್ನೇ ಇಟ್ರೆ ನಿಮ್ಮ ಸಮಿತಿ ಒಪ್ಪಲ್ಲ.’

‘ಅದೇ ನಂಗೂ ತೋಚ್ತಿಲ್ಲ.’

ಇಬ್ಬರೂ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಡಾಕ್ಟರಿಗೆ ಒಂದು ಸಾಲು ಕೂಡ ಸುಳ್ಳಾಗಬಾರದು, ಇವಳಿಗೆ ಒಂದು ಸಾಲು ಕೂಡ ಹೆಚ್ಚಾಗಬಾರದು. ನಾನು ಚಹಾ ಮಾಡಿ ಕೊಟ್ಟು ಕೊಟ್ಟು ಸುಸ್ತಾದೆ. ಕೊನೆಗೆ ಹೆಂಡತಿ ಅಮ್ಮನಿಗೆ ಓದಿದಳು. ‘ನೆರೆ ಬಂದಾಗಲೆಲ್ಲ ಮರಿಗಳ ಜಾಗ ಸರಿಯುತ್ತದೆ. ಮುಂದಿನ ವರ್ಷ ಅದು ಎಲ್ಲಿರುತ್ತದೆ ಎಂದು ನಮಗೆ ಗೊತ್ತಿಲ್ಲ.’

ಚಾಕು ನಿಂತಿತು. ಎಲ್ಲರೂ ಅಮ್ಮನ ಮುಖ ನೋಡಿದೆವು.

‘ಗೊತ್ತಿಲ್ಲ ಅಂತ ಹೇಳಿ ಸುಮ್ನಾದ್ರೆ ಹೇಗಮ್ಮ?’ ಎಂದಳು ಅಮ್ಮ. ‘ಘಾಟಿಯಲ್ಲಿ ಗುಡ್ಡ ಕುಸಿದಾಗ ಬಸ್ಸು ಯಾವಾಗ ಬರುತ್ತೆ ಅಂತ ನಂಗೂ ಗೊತ್ತಿರ್ತಿರಲಿಲ್ಲ. ಆಗ ನಾನು ಬಹುಶಃ ಅಂತಿರಲಿಲ್ಲ. ಗೊತ್ತಿಲ್ಲ, ಆ ಕಡೆ ನಿಲ್ದಾಣಕ್ಕೆ ಕೇಳ್ತಿದೀನಿ, ಅರ್ಧ ಗಂಟೆ ಬಿಟ್ಟು ಮತ್ತೆ ಹೇಳ್ತೀನಿ ಅಂತಿದ್ದೆ. ಜನ ಕೂತ್ಕೊಳ್ತಿದ್ರು. ಯಾವಾಗ ಹೇಳ್ತಾಳೆ ಅಂತ ಗೊತ್ತಿದ್ರೆ ಜನ ಕೂತ್ಕೊಳ್ತಾರೆ.’

ಕೆಸರು ಡಾಕ್ಟರು ಅಮ್ಮನನ್ನು ನೋಡಿ ನಕ್ಕರು. ‘ಇದನ್ನ ವರದಿಯಲ್ಲೇ ಬರೆದಿದ್ದೆ, ಪ್ರತಿವರ್ಷ ನೋಡಬೇಕು ಅಂತ’ ಎಂದರು. ‘ನೋಡಬೇಕಾದೀತು ಅಂತ ಬರೆದಿದ್ರಿ ಮೇಡಂ, ಬಹುಶಃ ಅಂತ ಬೇರೆ. ಯಾರು ನೋಡಬೇಕು, ಯಾವಾಗ ಅಂತ ಬರೆದಿರಲಿಲ್ಲ’ ಎಂದಳು ನನ್ನ ಹೆಂಡತಿ. ಅದು ನಿಜ ಎಂದು ಅವರು ಒಪ್ಪಿಕೊಂಡರು. ಆಮೇಲೆ ಪುಟ ಬೇಗ ಮುಗಿಯಿತು. ಮರಳು ತೆಗೆಯುವುದು ಇಡೀ ಅಳಿವೆಯಲ್ಲೇ ಬೇಡ, ಏಕೆಂದರೆ ದಿಬ್ಬ ನಾಳೆ ಎಲ್ಲಿ ಬೇಕಾದರೂ ಇರಬಹುದು. ಬಲೆಯ ಕಂಬಗಳು ಮಾತ್ರ ಓಡಾಡಬೇಕು. ಪ್ರತಿವರ್ಷ ನೆರೆ ಇಳಿದ ಕೂಡಲೇ ವಿಜ್ಞಾನಿಗಳೂ ದೋಣಿಯವರೂ ಒಟ್ಟಿಗೆ ಹೋಗಿ ಮರಿ ಎಲ್ಲಿದೆ ನೋಡಬೇಕು, ಬಲೆ ನೀರಿಗೆ ಬೀಳುವ ಮೊದಲು ಕಂಬ ಅಲ್ಲಿಗೆ ಹೋಗಬೇಕು.

ಸಮಿತಿ ಸೇರಿದ್ದು ಕಚೇರಿಯ ಕೆಳಗಿನ ಸಭಾಂಗಣದಲ್ಲಿ. ಮುಂದೆ ಮೇಲಿನವರು, ಮಧ್ಯದಲ್ಲಿ ಗುತ್ತಿಗೆದಾರರು ಮತ್ತು ಅವರ ವಕೀಲರು, ಹಿಂದೆ ಗೋಡೆಗೆ ಒರಗಿ ದೋಣಿಯವರು. ಭಾವ ಬಂದಿದ್ದ, ಆದರೆ ಬಾಗಿಲ ಹತ್ತಿರವೇ ನಿಂತಿದ್ದ. ನಾನು ಅವನ ಪಕ್ಕಕ್ಕೆ ಹೋಗಿ ನಿಂತೆ. ಅವನು ನನ್ನ ಕಡೆ ನೋಡಿ ತಲೆಯಾಡಿಸಿದ.

ಹೆಂಡತಿ ಪುಟ ಓದಿದಳು. ಗೊತ್ತಿಲ್ಲ ಎಂಬ ಮಾತು ಬಂದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ಆ ಕಚೇರಿಯಿಂದ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ.

ಗುತ್ತಿಗೆದಾರರು ಎದ್ದರು. ‘ಹಾಗಾದ್ರೆ ಇಷ್ಟು ವರ್ಷ ಹೇಳಿದ್ದು ತಪ್ಪು ಅಂತ ಒಪ್ಕೊಳ್ತೀರಾ?’

‘ವಿಜ್ಞಾನಿಗಳ ವರದಿ ಸರಿಯಾಗೇ ಇತ್ತು. ಅದನ್ನ ಒಂದು ಪುಟಕ್ಕೆ ಇಳಿಸುವಾಗ ಜಾಗ ಸರಿಯಬಹುದು ಅನ್ನೋ ಮಾತನ್ನ ನಾನು ತೆಗೆದೆ. ತಪ್ಪು ನಂದು’ ಎಂದಳು. ದನಿ ಏರಲಿಲ್ಲ. ‘ಮರಿ ಸತ್ತುಹೋಗಿದ್ರೆ ಆದೇಶ ಬೇಡ ಅನ್ನಬಹುದಿತ್ತು. ಮರಿ ಇವೆ. ಜಾಗ ಬದಲಾಯಿಸಿವೆ.’

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಪ್ರಶ್ನೆ ನ್ಯಾಯವಾದದ್ದೇ. ‘ವರ್ಷಾ ವರ್ಷಾ ಜಾಗ ಬದಲಾಯಿಸೋ ಕಾನೂನನ್ನ ಜನ ಹೇಗಮ್ಮ ಪಾಲಿಸ್ತಾರೆ? ಇವತ್ತು ಒಬ್ಬನ ಬಲೆಜಾಗ, ನಾಳೆ ಇನ್ನೊಬ್ಬಂದು. ಯಾರು ಒಪ್ತಾರೆ? ದೋಣಿಯವರು ಯಾರಾದ್ರೂ ಇದ್ರೆ ಹೇಳ್ಲಿ.’

ಹಿಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಹೆಂಡತಿ ಆ ಕಡೆ ನೋಡುವ ಧೈರ್ಯ ಮಾಡಲಿಲ್ಲ, ಪುಟವನ್ನೇ ನೋಡುತ್ತಾ ನಿಂತಿದ್ದಳು. ಇನ್ನು ಮುಗಿಯಿತು ಎಂದುಕೊಂಡೆ. ಆಗ ಪಕ್ಕದಲ್ಲಿ ಭಾವ ಗಂಟಲು ಸರಿಮಾಡಿಕೊಂಡ.

‘ಅಳಿವೆ ಸರಿಯೋದು ನಮಗೇನು ಹೊಸದಲ್ಲ ಸ್ವಾಮಿ. ಅದು ಸರಿದಂಗೆ ನಮ್ಮ ಅಪ್ಪಂದಿರೂ ಸರಿದಿದಾರೆ. ಸುಳ್ಳುಜಾಗ ಕಾಯಿ ಅಂದ್ರೆ ಸಿಟ್ಟು ಬರುತ್ತೆ, ಮರಿ ಇರೋ ಜಾಗ ಕಾಯಿ ಅಂದ್ರೆ ಕಾಯ್ತೀವಿ. ಆದ್ರೆ ನೋಡೋಕೆ ನಮ್ಮ ದೋಣಿಯಲ್ಲೇ ಹೋಗ್ಬೇಕು. ನಮ್ಮ ಕಣ್ಣೆದುರೇ ಮರಿ ಕಾಣ್ಬೇಕು.’

ಇಷ್ಟು ಹೇಳಿ, ಯಾರ ಉತ್ತರಕ್ಕೂ ಕಾಯದೆ, ತಂಗಿಯ ಕಡೆ ಕಣ್ಣೂ ಹಾಯಿಸದೆ ಹೊರಗೆ ಹೋದ. ಆದರೆ ಶೆಡ್ಡಿನಲ್ಲಿ ಅವನನ್ನು ಗೇಲಿ ಮಾಡುತ್ತಿದ್ದವರಲ್ಲಿ ಒಬ್ಬ, ಅವನು ಹೇಳಿದ್ದು ಸರಿ ಎಂದ. ಇನ್ನೊಬ್ಬ ಹೂಂಗುಟ್ಟಿದ. ವಕೀಲರು ಕೊಕ್ಕೆ ಹಾಕಲು ನೋಡಿದರು, ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ಆದೇಶ ಕಾಯಂ ಆಯಿತು, ಓಡಾಡುವ ಕಂಬಗಳ ಸಮೇತ.

ಭಾನುವಾರ ತಟ್ಟೆ ಹಾಕುವಾಗ ಹೆಂಡತಿ ಒಂದು ತಟ್ಟೆ ಹೆಚ್ಚಿಗೆ ಇಟ್ಟಳು. ಭಾವ ಬರಲಿಲ್ಲ. ಅವಳು ಅದನ್ನು ಎತ್ತಿಟ್ಟಳು. ಆದೇಶ ಬಂದ ಸಂತೋಷ ಅವಳ ಮುಖದಲ್ಲಿ ನಾನು ಕಾಣಲಿಲ್ಲ.

ಮತ್ತೆ ಮಳೆಗಾಲ ಬಂತು, ನೆರೆ ಬಂತು, ಇಳಿಯಿತು. ನೋಡಲು ಹೋಗುವ ದಿನ ಯಾರ ದೋಣಿ ಎಂದು ಕಚೇರಿಯಲ್ಲಿ ಕೇಳುವ ಮೊದಲೇ ಭಾವ ತನ್ನ ದೋಣಿಯನ್ನು ಬಂದರಿನ ಮೆಟ್ಟಿಲಿಗೆ ತಂದು ಕಟ್ಟಿದ್ದ. ಇಂಜಿನ್ ಹತ್ತಿರ ನಾನು, ನಡುವೆ ಕೆಸರು ಡಾಕ್ಟರು ತಮ್ಮ ಸಣ್ಣ ಕಣ್ಣಿನ ಜಾಲರಿ ಹಿಡಿದು, ಮುಂದೆ ನನ್ನ ಹೆಂಡತಿ. ದೋಣಿಯ ತಳದಲ್ಲಿ ಹಳದಿ ಕಂಬಗಳು. ಹಿಂದೆ ಇನ್ನೆರಡು ದೋಣಿಗಳಲ್ಲಿ ಉಳಿದವರು. ಭಾವ ಚುಕ್ಕಾಣಿ ಹಿಡಿದು, ಬೇಕಾದಷ್ಟೇ ಮಾತಾಡುತ್ತಿದ್ದ. ಅವಳೂ ಬೇಕಾದಷ್ಟೇ ಉತ್ತರಿಸುತ್ತಿದ್ದಳು.

ಹಳೇ ಜಾಗದಲ್ಲಿ ಜಾಲರಿ ಎಳೆದರು, ಏನಿಲ್ಲ. ಹೊಸ ದಿಬ್ಬದ ಬೆನ್ನಿಗೆ ಎಳೆದರು, ಒಂದೆರಡು ಮರಿ. ಹೋದ ವರ್ಷ ಬುಟ್ಟಿಗಟ್ಟಲೆ ಸಿಕ್ಕಿದಲ್ಲಿ ಎಳೆದರು, ಅಲ್ಲೂ ಹೆಚ್ಚಿಲ್ಲ. ಹೀಗೆ ಹುಡುಕುತ್ತಾ ಹುಡುಕುತ್ತಾ ನಾವು ಅಳಿವೆಯ ಒಳಗಿನ ಕವಲಿಗೆ ತಿರುಗಿದೆವು. ನೀರು ಅಲ್ಲಿ ಅಲುಗಾಡದೆ ನಿಂತಿತ್ತು, ಬಗ್ಗಿ ನೋಡಿದರೆ ಹಸಿರು ಹುಲ್ಲು ತಳದಲ್ಲಿ ಕಾಣುತ್ತಿತ್ತು. ದಡದಲ್ಲಿ ಭಾವನ ಮನೆ. ಎದುರಿಗೆ ಅವನ ತಂದೆ ನೆಟ್ಟ ಬಲೆಗೂಟಗಳ ಸಾಲು.

ಡಾಕ್ಟರು ಜಾಲರಿ ಎಳೆದು ಮೇಲೆತ್ತಿದರು. ತುಂಬ ಮರಿಗಳು. ಸಿಗಡಿಮರಿ, ಏಡಿಮರಿ, ಉಗುರಿನಷ್ಟು ಮೀನುಗಳು, ಒಂದರ ಮೇಲೊಂದು ಮಿನುಗುತ್ತಿದ್ದವು. ಅವರು ಅವನ್ನು ಬೇಗ ನೀರಿಗೆ ಬಿಟ್ಟರು.

‘ಇನ್ನೊಂದ್ಸಲ ಎಳೀರಿ ಮೇಡಂ’ ಎಂದಳು ನನ್ನ ಹೆಂಡತಿ.

ಎಳೆದರು. ಮೊದಲಿಗಿಂತ ಹೆಚ್ಚು.

‘ಆ ತುದಿಯಲ್ಲೂ ಒಂದ್ಸಲ.’

ಅಲ್ಲೂ ಅದೇ. ಹಿಂದಿನ ದೋಣಿಗಳು ಹತ್ತಿರ ಬಂದು ನಿಂತವು. ಮರಿಗಳ ಜಾಗ ಇದೇ ಎಂದು ಎಲ್ಲರಿಗೂ ಕಾಣುತ್ತಿತ್ತು. ಹೆಂಡತಿ ಇನ್ನೊಂದು ಸಲ ಎಂದು ಬಾಯಿ ತೆರೆದು, ಡಾಕ್ಟರ ಮುಖ ನೋಡಿ ಸುಮ್ಮನಾದಳು. ಅವಳ ಕಣ್ಣು ಆ ಗೂಟಗಳ ಮೇಲೇ ಇತ್ತು. ಅದು ಬಿಟ್ಟರೆ ಭಾವನಿಗೆ ಬೇರೆ ಬಲೆಜಾಗ ಇಲ್ಲ. ಇಲ್ಲಿ ಕಂಬ ನೆಟ್ಟರೆ ಈ ವರ್ಷವಿಡೀ ಅವನು ಇನ್ನೊಬ್ಬರ ದೋಣಿಗೆ ಆಳಾಗಿ ಹೋಗಬೇಕು.

‘ಇನ್ನೂ ಖಚಿತವಾಗಿ ಗೊತ್ತಿಲ್ಲ ಅಣ್ಣಾ’ ಎಂದಳು ಕೊನೆಗೆ. ‘ನಾಳೆ ಬಂದು ಮತ್ತೆ ನೋಡೋಣ.’

ಭಾವ ಚುಕ್ಕಾಣಿ ಬಿಟ್ಟು ಎದ್ದು ನಿಂತ. ಎಷ್ಟೋ ತಿಂಗಳ ನಂತರ ತಂಗಿಯ ಮುಖವನ್ನು ನೇರವಾಗಿ ನೋಡಿದ.

‘ಗೊತ್ತಿಲ್ಲದಾಗ ಗೊತ್ತಿಲ್ಲ ಅಂತ ಅಷ್ಟು ಜನರ ಮುಂದೆ ಹೇಳಿದೆಯಲ್ಲ ಪುಟ್ಟಿ. ಅದಕ್ಕೇ ಅವತ್ತು ನಾನು ಬಾಯಿ ಬಿಟ್ಟಿದ್ದು. ಈಗ ಗೊತ್ತಾಗಿದೆ. ಹೇಳು.’

ಅವಳು ಗೂಟಗಳತ್ತ ಕೈ ತೋರಿಸಿದಳು. ‘ಇಲ್ಲೇ ಅಣ್ಣಾ’ ಎಂದಳು.

ಅವನು ಲುಂಗಿ ಎತ್ತಿಕಟ್ಟಿ ನೀರಿಗೆ ಇಳಿದ. ಕೈ ಚಾಚಿದಾಗ ನಾನು ಒಂದು ಹಳದಿ ಕಂಬ ಮತ್ತು ಸುತ್ತಿಗೆಯನ್ನು ಕೊಟ್ಟೆ. ಕೆಸರಿನಲ್ಲಿ ಕಂಬ ಓಲಾಡಿತು. ‘ಸುಮ್ನೆ ಕೂತಿದೀಯಲ್ಲ, ಇಳಿದು ಬಂದು ಹಿಡ್ಕೋ’ ಎಂದು ತಂಗಿಗೆ ಗದರಿದ. ಅವಳು ಸೀರೆ ಸೊಂಟಕ್ಕೆ ಸಿಕ್ಕಿಸಿ ಇಳಿದು, ಎರಡೂ ಕೈಯಲ್ಲಿ ಕಂಬವನ್ನು ನೆಟ್ಟಗೆ ಹಿಡಿದು ನಿಂತಳು. ಅಳುತ್ತಿದ್ದಳು, ಮುಚ್ಚಿಡಲು ಹೋಗಲಿಲ್ಲ. ಅವನು ಕಂಬವನ್ನು ಹೊಡೆದು ಕೂರಿಸಿ, ಅಲ್ಲಾಡಿಸಿ ನೋಡಿ, ಮುಂದೆ ನಡೆದ. ಹಿಂದಿನ ದೋಣಿಗಳವರೂ ಒಬ್ಬೊಬ್ಬರಾಗಿ ನೀರಿಗೆ ಇಳಿದು, ಕೇಳದೆಯೇ, ಅವನ ಬಲೆಗೂಟಗಳನ್ನು ಕೀಳಲು ಕೈಹಾಕಿದರು.